ಆರು ಸಾಲು, ಒಂದು ಬಿಳಿ ಕಲ್ಲು

ಪಂಚಾಯಿತಿ ಕಚೇರಿಯಿಂದ ಫೋನ್ ಬಂದಾಗ ನಾನು ದೊಡ್ಡಬಳ್ಳಾಪುರದ ನಮ್ಮ ಮಹಡಿ ಕೋಣೆಯಲ್ಲಿ ಕೂತು, ಒಂದು ಕಲ್ಯಾಣಮಂಟಪದ ವೆಬ್‌ಸೈಟಿನಲ್ಲಿ ಮೇಲಿಂದ ಮಲ್ಲಿಗೆ ಹೂವು ಉದುರುವ ಹಾಗೆ ಮಾಡುತ್ತಿದ್ದೆ. ಕೆಳಗಿನ ಮನೆಯಲ್ಲಿ ನಾಲ್ಕು ಮಗ್ಗಗಳು ಕರೆಂಟಿನಲ್ಲಿ ಓಡುತ್ತವೆ. ಆ ಸದ್ದಿನಲ್ಲಿ ಮಾತಾಡಬೇಕಾದರೆ ಒಂದು ಕಿವಿ ಮುಚ್ಚಿಕೊಂಡು ಕಿಟಕಿಗೆ ಹೋಗಬೇಕು.

"ಮೇಡಂ, ನಿಮ್ಮ ವೆಬ್‌ಸೈಟಿಂದ ಇಲ್ಲಿ ದೊಡ್ಡ ಗಲಾಟೆ ಆಗ್ಬಿಟ್ಟಿದೆ. ಒಂದ್ಸಲ ಬಂದು ಹೋಗ್ತೀರಾ?"

ಮಾತಾಡಿದ್ದು ಆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಊರವರೆಲ್ಲ ಪಿಡಿಒ ಸಾಹೇಬ್ರು ಅನ್ನುವ, ದನಿ ಏರಿಸದ ಮನುಷ್ಯ. ಅವರು ಗಲಾಟೆ ಅಂದರೆ ನಿಜವಾಗಿಯೂ ಗಲಾಟೆಯೇ ಆಗಿರಬೇಕು. ಆದರೂ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ವೆಬ್‌ಸೈಟಿಂದ ಗಲಾಟೆಯೇ? ಅಷ್ಟು ಚೆಂದದ ವೆಬ್‌ಸೈಟ್ ಆ ಹೋಬಳಿಯಲ್ಲೇ ಇಲ್ಲ ಅಂತ ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ದಿನಗಳು ಅವು.

ಊರು ದೊಡ್ಡಬೆಳವಂಗಲ ಹೋಬಳಿಯದು. ಎರಡು ತಿಂಗಳ ಹಿಂದೆ ಅವರು ನನ್ನನ್ನು ಕೇಳಿದ್ದು ಒಂದೇ ಒಂದು: ಯಾವ ಬೀದಿಗೆ ಯಾವತ್ತು ನಲ್ಲಿ ನೀರು ಬರುತ್ತೆ ಅಂತ ಜನಕ್ಕೆ ಗೊತ್ತಾಗಬೇಕು. ಅಲ್ಲಿನ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಏಳೂವರೆಗೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ನೀರಿನ ದಿನ ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಒಬ್ಬರು ಉಳಿಯಬಹುದು, ಇಲ್ಲವೇ ಪಕ್ಕದ ಮನೆಗೆ ಬಿಂದಿಗೆ, ಡ್ರಮ್ಮು ಒಪ್ಪಿಸಿ ಹೋಗಬಹುದು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ನೋಡಿದ್ದರಂತೆ. ಅರ್ಧ ಗಂಟೆಯಲ್ಲಿ ಆ ಸುದ್ದಿ ಶುಭೋದಯದ ಗುಲಾಬಿಗಳ ಅಡಿಯಲ್ಲಿ ಹೂತು ಹೋಗುತ್ತಿತ್ತು.

ಕೇಳಿದ್ದು ಒಂದು, ನಾನು ಕೊಟ್ಟದ್ದು ಹದಿನಾಲ್ಕು ಪುಟ. ನನಗೆ ಆಗ ಪರದೆಯ ಮೇಲೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಮೇಲೆ ಊರ ಕೆರೆಯ ಫೋಟೋ, ಅದು ಸರಿದರೆ ಪಂಚಾಯಿತಿ ಕಟ್ಟಡ, ಅದು ಸರಿದರೆ ಅಧ್ಯಕ್ಷರು ಸಸಿ ನೆಡುತ್ತಿರುವುದು. ಅದರ ಕೆಳಗೆ ಎಡಕ್ಕೆ ಓಡುವ ಸುಸ್ವಾಗತ. ಸದಸ್ಯರೆಲ್ಲರ ಭಾವಚಿತ್ರ, ಬಣ್ಣ ಬಣ್ಣದ ನಕ್ಷೆ, ಎಷ್ಟು ಜನ ಬಂದು ನೋಡಿದರು ಅನ್ನುವ ಎಣಿಕೆ. ನೀರು ಎಲ್ಲಿ ಅಂದಿರಾ? "ಸೇವೆಗಳು" ಅಂತ ಒತ್ತಿ, ಅದರಲ್ಲಿ "ಕುಡಿಯುವ ನೀರು" ಒತ್ತಿ, ವಾರ್ಡು ಆರಿಸಿ, ತಾರೀಖು ಆರಿಸಿದರೆ ಒಂದು ಕ್ಯಾಲೆಂಡರಿನಲ್ಲಿ ನೀಲಿ ಹನಿ ಮಿನುಗುತ್ತಿತ್ತು. ಆ ಹನಿ ಮಿನುಗಿಸುವುದಕ್ಕೇ ನನಗೆ ಎರಡು ದಿನ ಹಿಡಿದಿತ್ತು.

ಸ್ಕೂಟರ್ ತೆಗೆದುಕೊಂಡು ಹೋದೆ. ಪಿಡಿಒ ಕಚೇರಿಯ ಹೊರಗೆ ಜಗಲಿಯ ಮೇಲೆ ಐವತ್ತು ದಾಟಿದ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಆಳುದ್ದದ ಕಬ್ಬಿಣದ ಕೀಲಿ, ಮೇಲ್ತುದಿಯಲ್ಲಿ ತಿರುಗಿಸಲು ಅಡ್ಡ ಹಿಡಿ. ರಸ್ತೆ ಪಕ್ಕದ ಗುಂಡಿಗಳಲ್ಲಿರುವ ವಾಲ್ವುಗಳನ್ನು ತಿರುಗಿಸುವುದು ಅದರಲ್ಲೇ. ಅವರೇ ಊರಿನ ನೀರುಗಂಟಿ. ಅವರ ತಂದೆಯ ಕಾಲದಲ್ಲಿ ಆ ಕೆಲಸ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಪಾಳಿಯ ಮೇಲೆ ನೀರು ಬಿಡುವುದಾಗಿತ್ತು. ಈಗ ಬೋರ್‌ವೆಲ್, ಟ್ಯಾಂಕು, ವಾಲ್ವು. ನನ್ನನ್ನು ನೋಡಿ ಎದ್ದು ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಡೆದದ್ದನ್ನು ಪಿಡಿಒ ಹೇಳಿದರು. ಹಿಂದಿನ ಸೋಮವಾರ ನನ್ನ ವೆಬ್‌ಸೈಟು ಕೆಳಗಲ ಬೀದಿಗೆ ನೀರು ಅಂತ ತೋರಿಸಿದೆ. ಆ ಬೀದಿಯ ಗಾರ್ಮೆಂಟ್ಸಿನ ಹೆಣ್ಣುಮಗಳೊಬ್ಬಳು ಅದನ್ನು ನಂಬಿ ರಜೆ ಹಾಕಿ, ಡ್ರಮ್ಮು ತೊಳೆದಿಟ್ಟು ಕಾದಿದ್ದಾಳೆ. ನಲ್ಲಿ ಸೂಂ ಅನ್ನಲೂ ಇಲ್ಲ. ಹೊರಗೆ ಬಂದು ನೋಡಿದರೆ ಡೇರಿ ಸಾಲಿನಲ್ಲಿ ನೀರು ಧೋ ಅಂತ ಬರುತ್ತಿದೆ. ಡೇರಿ ಸಾಲಿನಲ್ಲಿ ಮೂರನೆಯ ಮನೆ ನೀರುಗಂಟಿಯವರದೇ. ಇನ್ನೇನು ಬೇಕು? ಸ್ವಂತ ಬೀದಿಗೆ ತಿರುಗಿಸಿಕೊಂಡ ಅಂತ ಸಂಜೆಯೊಳಗೆ ಊರೆಲ್ಲ ಮಾತಾಯಿತು. ಅದೇ ವಾರ ಇನ್ನೂ ಎರಡು ಬೀದಿಗೆ ಹಾಗೇ ಆಯಿತು.

"ನಾನೂ ಹೇಳ್ದೆ, ಪಾಳಿ ಡೇರಿ ಸಾಲಿಂದೇ ಇತ್ತು ಅಂತ," ಅಂದರು ನೀರುಗಂಟಿ. "ಮೊಬೈಲ್ನಾಗೇ ಬಂದೈತಲ್ಲ, ಮೊಬೈಲು ಸುಳ್ಳು ಹೇಳ್ತದಾ ಅಂತಾರೆ. ನಾನು ಏನಂತ ಹೇಳ್ಲವ್ವಾ?"

ಮುಂದಿನ ಗ್ರಾಮಸಭೆಗೆ ಇನ್ನು ಇಪ್ಪತ್ತೆರಡು ದಿನ. ಅಲ್ಲಿ ಇವರ ಕೈಯಿಂದ ಕೀಲಿ ತೆಗೆದುಕೊಂಡು ಬೇರೆಯವರಿಗೆ ಕೊಡಬೇಕು ಅಂತ ಸದಸ್ಯರಿಬ್ಬರು ಬರೆದುಕೊಟ್ಟಿದ್ದರು.

"ಕೆಲ್ಸ ಹೋದ್ರೆ ಹೋಗ್ಲಿ, ಹೊಲ ಐತೆ," ಅಂದರು ಅವರು. "ಕಳ್ಳ ಅನ್ನಿಸ್ಕೊಂಡು ಕೀಲಿ ಕೊಡೋಕೆ ಮನಸ್ಸಿಲ್ಲ."

ನಾನು ಆಗಲೂ ಸೋಲಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಪಿಡಿಒ ಕೊಟ್ಟಿದ್ದ ಹಾಳೆಯನ್ನು ತೋರಿಸಿ, ಆರು ವಾಲ್ವು, ದಿನಕ್ಕೆ ಎರಡು, ಮೂರು ದಿನಕ್ಕೊಂದು ಸುತ್ತು, ನನ್ನ ಲೆಕ್ಕ ಒಂದು ಕೂದಲೂ ಆಚೀಚೆ ಆಗಿಲ್ಲ ಅಂತ ವಾದಿಸಿದೆ. ಪ್ರೋಗ್ರಾಂ ತನ್ನಷ್ಟಕ್ಕೆ ತಾರೀಖು ನೋಡಿ ಬೀದಿ ಬದಲಿಸುತ್ತೆ, ಯಾರ ಕೈಯೂ ಬೇಕಿಲ್ಲ ಅಂತ ಬೇರೆ ಹೆಮ್ಮೆಯಿಂದ ಹೇಳಿದೆ. ನೀರುಗಂಟಿ ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ಬೆಳಿಗ್ಗೆ ಬರ್ತೀಯೇನವ್ವಾ? ನಾನು ನೀರು ಬಿಡೋದು ನೋಡ್ಬಿಡು," ಅಂದರು. ನಾನು ಅಲ್ಲಿಯವರೆಗೆ ನೀರು ಬಿಡುವುದನ್ನು ಒಂದು ದಿನವೂ ನೋಡಿರಲಿಲ್ಲ. ನೋಡದೆಯೇ ಹದಿನಾಲ್ಕು ಪುಟ ಕಟ್ಟಿದ್ದೆ.

ಮರುದಿನ ಆರು ಗಂಟೆಗೆ ಟ್ಯಾಂಕಿನ ಹತ್ತಿರ ಇದ್ದೆ. ಅವರು ಮೊದಲು ಟ್ಯಾಂಕಿನ ಹೊರಗೆ ಇಳಿಬಿಟ್ಟ ಅಳತೆಯ ಗುಂಡು ನೋಡಿದರು. ಒಳಗೆ ನೀರು ಏರಿದಷ್ಟೂ ಹೊರಗೆ ಅದು ಇಳಿಯುತ್ತದೆ. ಅವತ್ತು ಅರ್ಧದಲ್ಲೇ ನಿಂತಿತ್ತು.

"ರಾತ್ರಿ ಮೋಟ್ರಿಗೆ ತ್ರೀ ಫೇಸ್ ಕರೆಂಟು ಎರಡೇ ಗಂಟೆ ಕೊಟ್ಟವ್ರೆ. ಇವತ್ತು ಒಂದೇ ವಾಲ್ವು."

"ದಿನಾ ಎರಡಲ್ವಾ ಅಣ್ಣ?"

"ಟ್ಯಾಂಕು ತುಂಬಿದ್ರೆ ಎರಡು. ತುಂಬ್ದಿದ್ರೆ ಒಂದು. ಮೋಟ್ರು ಕೆಟ್ರೆ ಅದೂ ಇಲ್ಲ. ಪಾಳಿ ಮಾತ್ರ ತಪ್ಪಂಗಿಲ್ಲ."

ಪಿಡಿಒ ಕೊಟ್ಟಿದ್ದ ಹಾಳೆ ಎಲ್ಲ ಸರಿಯಿದ್ದ ದಿನದ ಹಾಳೆ. ಕರೆಂಟು ಕೈಕೊಟ್ಟ ಮೊದಲ ದಿನವೇ ನನ್ನ ಕ್ಯಾಲೆಂಡರು ಒಂದು ಬೀದಿ ಮುಂದೆ ಹೋಗಿತ್ತು. ಆಮೇಲೆ ನೀರು ಒಂದು ದಾರಿ, ಕ್ಯಾಲೆಂಡರು ಇನ್ನೊಂದು ದಾರಿ.

"ಮತ್ತೆ ಪಾಳಿ ಎಲ್ಲಿಗೆ ನಿಂತಿದೆ ಅಂತ ನೀವು ಬರೆದಿಡ್ತೀರಾ?"

"ಬರೆಯೋದ್ಯಾಕೆ? ಕಲ್ಲು ಐತಲ್ಲ."

ಅರಳಿಕಟ್ಟೆಯ ಪಕ್ಕದ ವಾಲ್ವಿನ ಗುಂಡಿಗೆ ಕರೆದುಕೊಂಡು ಹೋದರು. ಗುಂಡಿಯ ಮೇಲೆ ಮುಚ್ಚಿದ್ದ ಚಪ್ಪಡಿ, ಅದರ ಮೇಲೆ ಸುಣ್ಣ ಬಳಿದ ಒಂದು ರುಬ್ಬುಗುಂಡು. ಅವರ ಮನೆಗೆ ಮಿಕ್ಸಿ ಬಂದ ಮೇಲೆ ಒರಳಿನಿಂದ ಬಿಡುಗಡೆಯಾದದ್ದಂತೆ. ಕಲ್ಲು ಎಲ್ಲಿದೆಯೋ ಮುಂದಿನ ಪಾಳಿ ಅಲ್ಲಿಗೆ. ಅಲ್ಲಿ ನೀರು ಬಿಟ್ಟು ನಿಲ್ಲಿಸಿದ ಮೇಲೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮುಂದಿನ ಗುಂಡಿಯ ಮೇಲೆ ಇಡುತ್ತಾರೆ. ಇಪ್ಪತ್ತು ವರ್ಷದಿಂದ ಇದೇ. ಹಿಂದೆ ಊರು ಚಿಕ್ಕದಿತ್ತು, ಎಲ್ಲರೂ ದಿನಾ ಆ ಗುಂಡಿಗಳನ್ನು ದಾಟಿಯೇ ಹೊಲಕ್ಕೆ ಹೋಗುತ್ತಿದ್ದರು. ದಾಟುವಾಗ ಒಂದು ಸಲ ಕಣ್ಣು ಹಾಯಿಸಿದರೆ ಸಾಕಿತ್ತು. ಈಗ ಬೆಳಗಾದರೆ ಬಸ್ಸಿಗೆ ಓಡುವವರು, ಹೊಸ ಸೈಟಿನಲ್ಲಿ ಮನೆ ಕಟ್ಟಿಕೊಂಡವರು ಕಲ್ಲನ್ನು ನೋಡುವುದು ಎಲ್ಲಿಂದ ಬಂತು.

ನಾನು ಬಗ್ಗಿ ಕಲ್ಲಿನ ತೂಕ ನೋಡಲು ಕೈ ಹಾಕಿದೆ. "ಬ್ಯಾಡವ್ವ," ಅಂದರು, ಮೆಲ್ಲಗೆ, ಆದರೆ ಕೈ ಅಡ್ಡ ಹಿಡಿದು. "ಅದನ್ನ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರೆ ಊರ ನೀರಿಗೆ ಕೈ ಹಾಕ್ದಂಗೆ. ಇಪ್ಪತ್ತೊರ್ಸದಾಗೆ ಒಂದು ಮಗೂನೂ ಸರಿಸಿಲ್ಲ."

ನಾಚಿಕೆಯಾಗಿ ಕೈ ಹಿಂದೆ ತೆಗೆದುಕೊಂಡೆ.

ಅವತ್ತೇ ಪಿಡಿಒ ಎದುರು ಕೂತು, ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಅವರು ಪೆನ್ನಿನ ಕ್ಯಾಪು ಹಾಕಿ, "ಇದನ್ನ ನನಗೆ ಹೇಳಿದ್ರೆ ಆಗಲ್ಲ ಮೇಡಂ. ಸಭೆಯಲ್ಲಿ ಹೇಳ್ಬೇಕು. ಅಷ್ಟರೊಳಗೆ ವೆಬ್‌ಸೈಟು ಸರಿ ಆಗಿರ್ಬೇಕು. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ," ಅಂದರು. ಕ್ಯಾಲೆಂಡರನ್ನು ಆ ಕ್ಷಣವೇ ಮುಚ್ಚಿದೆ.

ಸರಿ ಮಾಡುವುದು ಅಂದರೆ ನನಗೆ ಗೊತ್ತಿದ್ದದ್ದು ಇನ್ನೊಂದಿಷ್ಟು ಸೇರಿಸುವುದು. ತಾರೀಖು ನೋಡಿ ಊಹಿಸುವುದು ಬೇಡ, ನೀರುಗಂಟಿಯೇ ಫೋನಿನಲ್ಲಿ ತುಂಬಲಿ ಅಂತ ಒಂದು ಫಾರಂ ಮಾಡಿದೆ. ಹೆಸರು, ಪಾಸ್‌ವರ್ಡು, ವಾಲ್ವು, ಬಿಟ್ಟ ಸಮಯ, ನಿಲ್ಲಿಸಿದ ಸಮಯ, ಟ್ಯಾಂಕಿನ ಮಟ್ಟ, ಷರಾ. ಮೂರು ದಿನದ ಕೆಲಸ. ಒಯ್ದು ಅವರ ಕೈಗೆ ಕೊಟ್ಟು, ಬೇವಿನ ಮರದಡಿ ನಿಂತು ನೋಡಿದೆ.

ಅವರ ಕೈ ಒದ್ದೆ. ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಪಂಚೆಗೆ ಒರೆಸಿಕೊಂಡು ಒತ್ತಿದರು. ಕೀಲಿ ತಿರುಗಿಸಿ ತಿರುಗಿಸಿ ಬೆರಳ ತುದಿ ಎಷ್ಟು ಗಡುಸಾಗಿದೆಯೆಂದರೆ ಎರಡು ಅಕ್ಷರ ಒಟ್ಟಿಗೇ ಬಿದ್ದವು. ಓದುವ ಕನ್ನಡಕ ಮನೆಯಲ್ಲಿ. ಪಾಸ್‌ವರ್ಡು ಮೂರು ಸಲ ತಪ್ಪಾಗಿ, ನನ್ನದೇ ಪ್ರೋಗ್ರಾಂ "ಹದಿನೈದು ನಿಮಿಷದ ನಂತರ ಪ್ರಯತ್ನಿಸಿ" ಅಂತ ಅವರನ್ನು ಹೊರಗೆ ಹಾಕಿತು. ಅಷ್ಟರಲ್ಲಿ ವಾಲ್ವು ನಿಲ್ಲಿಸುವ ಹೊತ್ತು ಮೀರಿ, ಬಾವಿ ಬೀದಿಯ ಚರಂಡಿಯಲ್ಲಿ ನೀರು ಹರಿಯುತ್ತಿತ್ತು. ಅವರು ಫೋನು ನನ್ನ ಕೈಗೆ ತುರುಕಿ ಓಡಿದರು.

ವಾಪಸು ಬಂದು ಹೇಳಿದ್ದು ಇಷ್ಟೇ: "ನೀರು ನೋಡ್ಲಾ, ಇದನ್ನ ನೋಡ್ಲಾ?"

ನನಗೆ ಅಳು ಬರುವ ಹಾಗಾಯಿತು. ಸುಳ್ಳು ಯಾಕೆ, ಸ್ವಲ್ಪ ಬಂತು ಕೂಡ. ಸಭೆಗೆ ಇನ್ನು ಹದಿನೇಳು ದಿನ. ಟ್ಯಾಂಕಿನ ನೆರಳಲ್ಲಿ ಕೂತು, ಎದುರಿಗಿದ್ದ ವಾಲ್ವಿನ ಮೇಲಿನ ಬಿಳಿ ಕಲ್ಲನ್ನು ಸುಮ್ಮನೆ ನೋಡುತ್ತಿದ್ದೆ. ಅದಕ್ಕೆ ಪಾಸ್‌ವರ್ಡು ಇಲ್ಲ. ಷರಾ ಇಲ್ಲ. ಸುಸ್ವಾಗತ ಅನ್ನುವುದಿಲ್ಲ. ಆದರೂ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅದನ್ನು ತಪ್ಪಾಗಿ ಓದಿಲ್ಲ. ಒಂದೇ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಮುಂದಿನ ಪಾಳಿ ಯಾರದು ಅಂತ. ನಾನು ಆ ಪ್ರಶ್ನೆಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಬರೆದಿದ್ದೆ.

ಅಲ್ಲೇ ತೀರ್ಮಾನ ಮಾಡಿದೆ. ವೆಬ್‌ಸೈಟನ್ನು ರಿಪೇರಿ ಮಾಡುವುದಿಲ್ಲ, ತೆಗೆದು ಹಾಕುತ್ತೇನೆ. ಬದಲಿಗೆ ಈ ಕಲ್ಲನ್ನು ಫೋನಿನೊಳಗೆ ಇಡುತ್ತೇನೆ, ಬೇರೇನೂ ಇಡುವುದಿಲ್ಲ.

ಹೇಳುವುದು ಸುಲಭ. ಕೆಡವುವುದು ಕಟ್ಟುವುದಕ್ಕಿಂತ ಕಷ್ಟ ಅಂತ ಆ ವಾರ ಗೊತ್ತಾಯಿತು. ಒಂದೊಂದನ್ನು ತೆಗೆಯುವಾಗಲೂ ಒಳಗಿಂದ ಯಾರೋ "ಇದೊಂದು ಇರಲಿ ಬಿಡು" ಅನ್ನುತ್ತಿದ್ದರು. ಮೊದಲು ಪಾಸ್‌ವರ್ಡು ತೆಗೆದೆ. ಅವರ ಫೋನಿಗೆ ಮಾತ್ರ ಗುರುತಿರುವ ಹಾಗೆ ಒಂದು ಗುಟ್ಟಿನ ಲಿಂಕು ಮಾಡಿ ಮುಖಪರದೆಯ ಮೇಲೆ ಇಟ್ಟೆ. ಸಮಯ ತುಂಬುವುದು ತೆಗೆದೆ. ಒತ್ತಿದ ಕ್ಷಣವನ್ನು ಯಂತ್ರವೇ ಬರೆದುಕೊಳ್ಳುತ್ತದೆ, ಅವರನ್ನು ಯಾಕೆ ಕೇಳಬೇಕು? ವಾಲ್ವು ಆರಿಸುವುದನ್ನೂ ತೆಗೆದೆ. ಆರು ವಾಲ್ವಿನ ಕ್ರಮ ಎಂದೂ ಬದಲಾಗುವುದಿಲ್ಲ, ಕಲ್ಲು ಯಾವತ್ತೂ ಮುಂದಿನದಕ್ಕೇ ಹೋಗುತ್ತದೆ. ಟ್ಯಾಂಕಿನ ಮಟ್ಟ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಉಳಿದದ್ದು ಒಂದು ಬಟನ್. ಇಡೀ ಪರದೆಯೇ ಬಟನ್: "ಕಲ್ಲು ಮುಂದಕ್ಕೆ." ಒದ್ದೆ ಕೈಗೆ ಅದು ಬೇಡವಾದರೆ ಫೋನಿನ ಪಕ್ಕದಲ್ಲಿರುವ, ಸದ್ದು ಏರಿಸುವ ಬಟನ್ ಒತ್ತಿದರೂ ಸಾಕು ಅಂತ ಮಾಡಲು ಹೊರಟು, ಅದು ನನ್ನ ಹಳೆಯ ಚಾಳಿ ಅಂತ ಹೊಳೆದು ಬಿಟ್ಟೆ. ಕೈ ಒರೆಸಿಕೊಳ್ಳಲು ಟವೆಲ್ ಇದೆಯಲ್ಲ.

ಊರವರಿಗೆ ಕಾಣುವ ಪುಟದಲ್ಲಿ ಆರು ಸಾಲು. ಬಾವಿ ಬೀದಿ, ಶಾಲೆ ಹಿಂದೆ, ಡೇರಿ ಸಾಲು, ಕೆಳಗಲ ಬೀದಿ, ಹೊಸ ಸೈಟು, ಅರಳಿಕಟ್ಟೆ. ಯಾವುದರ ಪಾಳಿಯೋ ಅದರ ಮುಂದೆ ಒಂದು ಬಿಳಿ ಗುಂಡು. ಅಡಿಯಲ್ಲಿ ಸಣ್ಣಗೆ, ಕಲ್ಲು ಅಲ್ಲಿಗೆ ಬಂದದ್ದು ಯಾವಾಗ ಅಂತ. ಹಿನ್ನೆಲೆಗೆ ಹಸಿ ಮಣ್ಣಿನ ಬಣ್ಣ, ಬಿಳಿ ಎದ್ದು ಕಾಣಲಿ ಅಂತ. ಅಕ್ಷರ ದಪ್ಪ, ಕನ್ನಡಕವಿಲ್ಲದವರಿಗೂ ಓದಲು ಬರುವಷ್ಟು. ಫೋಟೋ ಇಲ್ಲ, ಓಡುವ ಸಾಲು ಇಲ್ಲ, ಒತ್ತಿ ಒಳಗೆ ಹೋಗಲು ಏನೂ ಇಲ್ಲ. ಬಂದವರು ನೋಡಿ ಹೋಗಬೇಕು, ಅಷ್ಟೇ.

ಮುಗಿಸಿ ನೋಡಿದಾಗ ಭಯವಾಯಿತು. ಇದನ್ನು ಮಾಡಿದ್ದು ನಾನು ಅಂತ ಹೇಳಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ.

ಅಧ್ಯಕ್ಷರಿಗೆ ತೋರಿಸಿದಾಗ ಅದೇ ಆಯಿತು. ಅವರು ಫೋನನ್ನು ಆಚೆ ಈಚೆ ತಿರುಗಿಸಿ, "ಏನಮ್ಮಾ ಇದು, ಸುಣ್ಣ ಹೊಡೀದಿರೋ ಗೋಡೆ ಇದ್ದಂಗೈತೆ. ಕೆರೆ ಎಲ್ಲಿ? ನಾವೆಲ್ಲಿ?" ಅಂದರು. ಅವರ ಮುಖ ಸಣ್ಣದಾಗಿತ್ತು. ಪಾಪ, ಆ ಸಸಿ ನೆಡುವ ಫೋಟೋ ಅವರಿಗೆ ಬಹಳ ಇಷ್ಟ. ಊರಿಗೆ ಬಂದ ನೆಂಟರಿಗೆಲ್ಲ ತೋರಿಸಿದ್ದರಂತೆ.

ವಾದ ಮಾಡಿದರೆ ಗೆಲ್ಲುವುದಿಲ್ಲ ಅಂತ ಗೊತ್ತಿತ್ತು. "ಸಾರ್, ಒಂದು ನಿಮಿಷ ಕೆಳಗಲ ಬೀದಿಗೆ ಬರ್ತೀರಾ? ಅಲ್ಲೇ ಟೀ ಕುಡಿಯೋಣ," ಅಂದೆ. ಆ ಬೀದಿ ಇಳಿಜಾರಿನಲ್ಲಿದೆ, ಸಿಗ್ನಲ್ ಬಂದರೆ ಬಂತು. ಅಲ್ಲಿನ ಪೆಟ್ಟಿಗೆ ಅಂಗಡಿಯ ಮುಂದೆ ಬೆಂಚಿನ ಮೇಲೆ ಎರಡು ಫೋನು ಇಟ್ಟೆ, ಒಂದರಲ್ಲಿ ನಾನು ಇನ್ನೂ ಅಳಿಸದೆ ಇಟ್ಟಿದ್ದ ಹಳೆಯ ವೆಬ್‌ಸೈಟು, ಇನ್ನೊಂದರಲ್ಲಿ ಹೊಸದು. ಎರಡನ್ನೂ ಒಟ್ಟಿಗೇ ಒತ್ತಲು ಅವರಿಗೇ ಹೇಳಿದೆ.

ಹೊಸ ಪುಟ ಬೆರಳು ತೆಗೆಯುವುದರೊಳಗೆ ಬಂತು. ಹಳೆಯದರಲ್ಲಿ ಒಂದು ಚಕ್ರ ತಿರುಗತೊಡಗಿತು. ಟೀ ಬಂತು. ಚಕ್ರ ತಿರುಗುತ್ತಲೇ ಇತ್ತು. ಟೀ ಅರ್ಧವಾಗುವ ಹೊತ್ತಿಗೆ ಮೇಲಿಂದ ಕೆಳಗೆ ಫೋಟೋ ಇಳಿಯಲು ಶುರುವಾಗಿ, ಅಧ್ಯಕ್ಷರ ಕೂದಲು ಬಂತು, ಹಣೆ ಬಂತು, ಹುಬ್ಬು ಬಂತು. ಅಲ್ಲಿಗೆ ನಿಂತುಹೋಯಿತು. ಲೋಟ ಖಾಲಿಯಾದರೂ ಹುಬ್ಬಿನಿಂದ ಕೆಳಗೆ ಇಳಿಯಲಿಲ್ಲ.

ಅಂಗಡಿಯವರು ಬಗ್ಗಿ ನೋಡಿ, "ಅಧ್ಯಕ್ಷರೇ, ಮೂಗು ಬರೋಷ್ಟರಲ್ಲಿ ನಲ್ಲಿ ನೀರು ನಿಂತೋಗಿರ್ತದೆ," ಅಂದರು.

ಅಧ್ಯಕ್ಷರು ಒಂದು ಕ್ಷಣ ಬಿಗಿದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಯ್ತು ಬಿಡಮ್ಮಾ, ನಿನ್ನ ಗೋಡೆನೇ ಇರ್ಲಿ. ನಮ್ಮ ಫೋಟೋ ಆಫೀಸ್ ಗೋಡೆ ಮೇಲೆ ಹಾಕ್ಸಿ ಸಾಕು." ಆ ಮನುಷ್ಯನ ಮೇಲೆ ನನಗೆ ಅವತ್ತು ನಿಜವಾದ ಗೌರವ ಹುಟ್ಟಿತು. ತನ್ನ ಮುಖ ತೆಗೆಯಲು ಒಪ್ಪುವ ಅಧ್ಯಕ್ಷರು ಎಷ್ಟು ಜನ ಸಿಗುತ್ತಾರೆ.

ಸಭೆಗೆ ಹದಿಮೂರು ದಿನ ಇರುವಾಗ ಹೊಸ ಪುಟ ಊರವರಿಗೆ ತೆರೆಯಿತು. ಮೊದಲ ಎರಡು ದಿನ ಸರಾಗ. ಮೂರನೆಯ ದಿನ ಪುಟದಲ್ಲಿ ಕಲ್ಲು ಡೇರಿ ಸಾಲಿನಲ್ಲೇ ಕೂತಿತ್ತು, ನಿಜವಾದ ಕಲ್ಲು ಕೆಳಗಲ ಬೀದಿಗೆ ಹೋಗಿಯಾಗಿತ್ತು. ಮತ್ತೆ ಡೇರಿ ಸಾಲು, ಮತ್ತೆ ಅವರದೇ ಬೀದಿ. ಓಡಿ ಹೋಗಿ ಕೇಳಿದರೆ ಅವರು ಒತ್ತಿದ್ದರು. ಆ ಇಳಿಜಾರಿನಲ್ಲಿ ಸಿಗ್ನಲ್ ಇಲ್ಲದೆ ಅದು ಹೊರಗೆ ಹೋಗಿರಲಿಲ್ಲ. ಅಧ್ಯಕ್ಷರಿಗೆ ಪಾಠ ಮಾಡಲು ಅದೇ ಬೀದಿಯನ್ನು ಆರಿಸಿಕೊಂಡವಳು ನಾನು, ನನಗೇ ಅದು ಹೊಳೆದಿರಲಿಲ್ಲ. ಅವತ್ತೇ ಕೂತು ಸರಿ ಮಾಡಿದೆ. ಒತ್ತಿದ್ದನ್ನು ಫೋನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಸಿಗ್ನಲ್ ಸಿಕ್ಕ ಕೂಡಲೇ ಕಳಿಸುತ್ತದೆ. ಹೋಗುವ ತನಕ ಪರದೆ ಕೆಂಪು, ಹೋದ ಮೇಲೆ ಹಸಿರು.

"ಕೆಂಪಿದ್ರೆ ದಿಬ್ಬ ಹತ್ತು ಅಂತ ತಾನೇ?" ಅಂದರು ನೀರುಗಂಟಿ. ನಾನು ಬರೆಯಬೇಕು ಅಂದುಕೊಂಡಿದ್ದ ಸೂಚನೆ ಅಲ್ಲಿಗೇ ಮುಗಿಯಿತು. ಒಂದು ದಿನ ಎರಡು ಸಲ ಒತ್ತಿಬಿಟ್ಟರು, ಅದಕ್ಕೆ ಒತ್ತಿ ಹಿಡಿದರೆ ಕಲ್ಲು ಒಂದು ಸಾಲು ಹಿಂದೆ ಬರುವ ಹಾಗೆ ಅವತ್ತು ಸಂಜೆಯೊಳಗೇ ಮಾಡಿದೆ. ಅದಾದ ಮೇಲೆ ನಾನು ಏನನ್ನೂ ಸೇರಿಸಲಿಲ್ಲ. ಕೈ ಕಟ್ಟಿಕೊಂಡು ಕೂರುವುದೂ ಒಂದು ಕೆಲಸ ಅಂತ ನನಗೆ ಗೊತ್ತಿರಲಿಲ್ಲ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ನೀರುಗಂಟಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಕಬ್ಬಿಣದ ಕೀಲಿಯನ್ನು ಮುಂದಿನ ಮೇಜಿನ ಮೇಲೆ ಇಟ್ಟು, ಹಿಂದೆ ಹೋಗಿ ಕೂತರು. ಕೊಡಲು ತಯಾರಾಗಿಯೇ ಬಂದಿದ್ದರು.

ವಿಷಯ ಬಂದಾಗ ಪಿಡಿಒ ನನ್ನ ಕಡೆ ನೋಡಿದರು. ಎದ್ದೆ. ಮನೆಯಲ್ಲಿ ಬರೆದುಕೊಂಡು ಬಂದ ಚೀಟಿ ಕೈಯಲ್ಲಿತ್ತು, ಬಿಚ್ಚಲಿಲ್ಲ. "ಆವತ್ತು ಮೊಬೈಲಿನಲ್ಲಿ ಬಂದದ್ದು ಸುಳ್ಳು. ಆ ಸುಳ್ಳು ಬರೆದವಳು ನಾನು. ನೀರು ಹೇಗೆ ಬಿಡ್ತಾರೆ ಅಂತ ಒಂದು ದಿನವೂ ಬಂದು ನೋಡದೆ ಬರೆದೆ. ಇವರ ಕಲ್ಲು ಸರಿಯಾದ ಜಾಗದಲ್ಲೇ ಇತ್ತು. ದಯವಿಟ್ಟು ನನ್ನನ್ನ ಬೈಯಿರಿ," ಅಂದೆ. ಸಭೆ ಗುಸುಗುಸು ಅಂದಿತು. ಬರೆದುಕೊಟ್ಟಿದ್ದ ಸದಸ್ಯರಲ್ಲೊಬ್ಬರು ಎದ್ದು, "ಇದು ಇಬ್ಬರೂ ಸೇರ್ಕೊಂಡು ಹೇಳೋ ಮಾತು ಅಂತ ಯಾಕನ್ಬಾರ್ದು?" ಅಂದರು.

ಉತ್ತರ ಬಂದದ್ದು ಹೆಂಗಸರ ಸಾಲಿನಿಂದ. ಕೆಳಗಲ ಬೀದಿಯ ಆ ಗಾರ್ಮೆಂಟ್ಸಿನ ಹೆಣ್ಣುಮಗಳು, ರಜೆ ಹಾಕಿ ಮೋಸಹೋದವಳು, ಎದ್ದು ನಿಂತಳು. ಮೊದಲು ಗಲಾಟೆ ಎತ್ತಿದವಳು ಅವಳೇ, ಆದ್ದರಿಂದ ಎಲ್ಲರೂ ತಿರುಗಿ ನೋಡಿದರು.

"ನಾನು ದಿನಾ ಬಸ್ನಲ್ಲಿ ಕೂತು ಆ ಕಲ್ಲು ನೋಡ್ತೀನಿ. ಸಂಜೆ ಬಂದು ನಿಜವಾದ್ ಕಲ್ಲು ಎಲ್ಲಿದೆ ಅಂತ ಹೋಗಿ ನೋಡ್ತೀನಿ. ನಂಬ್ದೇನೇ ನೋಡ್ದೆ, ಸಿಕ್ಕಾಕ್ಕೊಳ್ಲಿ ಅಂತಾನೇ ನೋಡ್ದೆ. ಹತ್ತು ದಿನ ಆಯ್ತು, ಒಂದಿನಾನೂ ತಪ್ಪಿಲ್ಲ. ಡೇರಿ ಸಾಲಿಗೆ ಎಷ್ಟೋ ನಮಗೂ ಅಷ್ಟೇ." ಆಮೇಲೆ ನೀರುಗಂಟಿಯ ಕಡೆ ತಿರುಗಿ, ದನಿ ಇಳಿಸಿ, "ಮಾವ, ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ತಪ್ಪಾಯ್ತು," ಅಂದಳು.

ನೀರುಗಂಟಿ ಎದ್ದು ನಿಲ್ಲಲಿಲ್ಲ. ತಲೆ ಬಗ್ಗಿಸಿ ಟವೆಲಿನಿಂದ ಮುಖ ಒರೆಸಿಕೊಂಡರು. ಅಧ್ಯಕ್ಷರು ಮೇಜಿನ ಮೇಲಿಂದ ಕೀಲಿ ಎತ್ತಿ, ತಾವೇ ನಡೆದು ಹೋಗಿ ಅವರ ತೊಡೆಯ ಮೇಲೆ ಇಟ್ಟು, "ನಡೀರಿ, ಮುಂದಿನ ವಿಷಯ ಬೀದಿ ದೀಪ," ಅಂದರು. ನನ್ನನ್ನು ಬೈಯಲು ಯಾರಿಗೂ ಪುರುಸೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಅವರು ಶಾಲೆ ಹಿಂದಿನ ವಾಲ್ವು ನಿಲ್ಲಿಸಿ, ಚಪ್ಪಡಿ ಮುಚ್ಚಿ, ಕೈ ಒರೆಸಿಕೊಳ್ಳುತ್ತಿದ್ದರು. ಮುಂದಿನದು ಡೇರಿ ಸಾಲು.

"ಅಣ್ಣ, ಪುಟ ಇದೆಯಲ್ಲ, ಇನ್ನೂ ಈ ಭಾರ ಯಾಕೆ ಹೊರ್ತೀರಿ?" ಅಂತ ಕೇಳಿದೆ. ತಮಾಷೆಗೆ ಕೇಳಿದ್ದು, ಆದರೆ ಸ್ವಲ್ಪ ಜಂಬವೂ ಇತ್ತು.

"ಫೋನಿಲ್ದಿರೋ ಅಜ್ಜೀರು ಎಷ್ಟ್ ಜನ ಅವ್ರೆ ಗೊತ್ತಾ? ಅವ್ರು ಏನ್ ನೋಡ್ಬೇಕು?" ಅಂದರು. ಆಮೇಲೆ ಜೇಬಿನಿಂದ ಫೋನು ತೆಗೆದು, ನನ್ನನ್ನೂ ಕಲ್ಲನ್ನೂ ಒಂದು ಸಲ ನೋಡಿ ಹೇಳಿದರು: "ಇವತ್ತು ನಾನು ಒತ್ತುತೀನಿ. ನೀನು ಎತ್ತು."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ನಿಂತೆ. "ಎತ್ತವ್ವಾ, ಹೊತ್ತಾಗ್ತದೆ," ಅಂದರು.

ಚಪ್ಪಲಿ ಬಿಟ್ಟು, ಬಗ್ಗಿ, ಎರಡೂ ಕೈಯಲ್ಲಿ ಎತ್ತಿದೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಸುಣ್ಣ ಅಂಗೈಗೆ ಮೆತ್ತಿತು. ಅವರು ನನ್ನ ಹಿಂದೆ ಕೀಲಿ ಊರಿಕೊಂಡು ಬಂದರು. ಡೇರಿ ಸಾಲಿನ ಗುಂಡಿಯ ಹತ್ತಿರ ಚಪ್ಪಡಿಯ ಮೇಲೆ ಮೆಲ್ಲಗೆ ಇಳಿಸಿದೆ, ಅಲುಗದ ಹಾಗೆ ಸ್ವಲ್ಪ ತಿರುಗಿಸಿ ಕೂರಿಸಿದೆ. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ಕಲ್ಲನ್ನು ನೋಡಿ, ಮನೆಯ ಒಳಗೆ ಕೂಗಿ ಹೇಳಿದರು:

"ಲೇ, ಬಿಂದಿಗೆ ತೊಳ್ಕೊಳ್ರೇ, ಕಲ್ಲು ಬಂತು."